ಬಾಯಿ ಕೂಡದ ಉಂಗುರ

ಬಟ್ಟೆ ತುರುಕಬೇಕಿತ್ತು ಮೊದಲು.
ಬಾಯ್ದೆರೆದ ಇಂಜಿನ್ನಿನ ಗಂಟಲಿಗೆ ಒಂದು ಹಳೇ ಚಿಂದಿ,
ಇಷ್ಟೇ. ಒಚಿತ್ತಿ ನೂರು ಸಲ ಹೇಳಿದ್ದ.
ನಾನು ಅದರಲ್ಲಿ ಮುಖದ ಬೆವರೊರೆಸಿ
ಹೆಗಲ ಮೇಲೆ ಹಾಕಿಕೊಂಡಿದ್ದೆ.

ಪಿಸ್ಟನ್ನಿನ ಪಿನ್ನು ಕೂತಿತ್ತು. ಉಳಿದದ್ದು ಕ್ಲಿಪ್ಪು:
ಉಗುರಿನಷ್ಟು ತಂತಿ, ಬಾಯಿ ಕೂಡದ ಉಂಗುರ.
ಇಕ್ಕಳದ ತುದಿಯಿಂದ ಚಿಮ್ಮಿ
ಒಮ್ಮೆ ಬಿಸಿಲಿಗೆ ಹೊಳೆದು
ಒಳಗೆಲ್ಲೋ ಟಿಣ್ ಅಂದಿತು.
ಮತ್ತೂ ಆಳದಲ್ಲಿ, ಟಿಕ್.
ಆಮೇಲೆ ಏನೂ ಇಲ್ಲ.

ಗುಲು ಪೇಟೆಯ ಮಾವಿನ ಮರದಡಿ
ಎದುರಿನ ಚಪಾತಿಯವಳ ಕಾವಲಿ ಚುರುಗುಡುತ್ತಲೇ ಇತ್ತು.
ನೀರಿನ ಕ್ಯಾನಿನ ಮೇಲೆ ಕೂತ ಲಬೆಜ
ಮೂರನೇ ಸಲ ಗಂಟೆ ಕೇಳಿದ.
ಆರಕ್ಕೆ ಅವನು ದಾದಿಯೊಬ್ಬಳನ್ನು
ರಾತ್ರಿ ಪಾಳಿಗೆ ಆಸ್ಪತ್ರೆ ಮುಟ್ಟಿಸಬೇಕು,
ಬಾಡಿಗೆ ಬೈಕು ನೋಡಿದರೆ ಹೀಗೆ ಹೊಟ್ಟೆ ಬಿಚ್ಚಿ ಮಲಗಿದೆ.

ನನ್ನ ಹೆಸರು ಕೊಮಕೆಚ್.
ನಮ್ಮ ಮಾತಿನಲ್ಲಿ ಅದೃಷ್ಟಗೇಡಿ ಎಂದರ್ಥ.
ಅವ್ವ ಇಟ್ಟದ್ದು. ಯಾಕೆ ಅಂತ ಕೇಳಿದರೆ
ಉಪ್ಪು ತರಲು ಅಂಗಡಿಗೆ ಅಟ್ಟುತ್ತಾಳೆ.

"ಕಿಕ್ಕರ್ ಮುಟ್ಟಬೇಡ" ಅಂದ ಒಚಿತ್ತಿ.
"ಏನನ್ನೂ ತಿರುಗಿಸಬೇಡ. ಬಿದ್ದದ್ದು ಬಿದ್ದಲ್ಲೇ ಇರಲಿ."
ದನಿ ಏರಲಿಲ್ಲ. ಅದೇ ಹೆಚ್ಚು ಚುಚ್ಚಿತು.
"ಒಂದು ಚೂರು ತಂತಿ ತಾನೆ" ಅಂದ ಲಬೆಜ,
"ಎಣ್ಣೆ ಜೊತೆ ಇಳಿದುಹೋಗುತ್ತೆ ಬಿಡು."
"ಇಳಿಯೋದಿಲ್ಲ. ಕಾಯುತ್ತೆ."

ತಗಡಿನ ಪೆಟ್ಟಿಗೆಯ ತಳ ಕೆದಕಿ
ಕರೀ ಬಿಲ್ಲೆಯೊಂದನ್ನು ತೆಗೆದ.
ಸೂಜಿಗಲ್ಲು, ಹಳೇ ರೇಡಿಯೋದ ಸ್ಪೀಕರಿನದು.
ಆ ರೇಡಿಯೋ ನನಗಿಂತ ಹಿರಿಯದು.
ಯುದ್ಧದ ಕಾಲಕ್ಕೆ ದಿನಾ ಸಂಜೆ
ಕಾಡಿಗೆ ಎಳೆದೊಯ್ದ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿತ್ತಂತೆ,
ಮನೆಗೆ ಬಾ, ಯಾರೂ ಬಯ್ಯೋದಿಲ್ಲ, ಮನೆಗೆ ಬಾ.
ಒಚಿತ್ತಿಯ ತಮ್ಮನನ್ನೂ ಕರೆದಿತ್ತು.
ಎರಡು ವರ್ಷ ಬ್ಯಾಟರಿ ಕೊಂಡನಂತೆ ಇವನು.
ಇಷ್ಟು ನನಗೆ ಗೊತ್ತು. ಉಳಿದದ್ದು ಕೇಳಿಲ್ಲ.

ಮುರಿದ ಸ್ಪೋಕಿನ ಬುಡಕ್ಕೆ ಸೂಜಿಗಲ್ಲು ಕಚ್ಚಿಸಿದರೆ
ಸೆಳೆತ ತುದಿಯವರೆಗೂ ಇಳಿಯುತ್ತದೆ.
ಕಣ್ಣು ಮುಚ್ಚಿ ಒಳಗೆ ಬಿಟ್ಟ,
ಬಾಣಂತಿಯ ಹೊಟ್ಟೆ ಮುಟ್ಟುವ ಸೂಲಗಿತ್ತಿಯ ಹಾಗೆ.
ಕ್ರ್ಯಾಂಕಿನ ಉಕ್ಕಿಗೆ ಅಂಟಿತು, ಬಿಡಿಸಿದ.
ಮತ್ತೆ ಅಂಟಿತು. ಬಯ್ದ, ಕಬ್ಬಿಣವನ್ನು.
ಚಪಾತಿಯವಳು ಕೂಡ ಎದ್ದು ಬಂದು
ಸೆರಗಿಗೆ ಹಿಟ್ಟಿನ ಕೈ ಒರೆಸುತ್ತ ನಿಂತಳು.

ಬಂತು!
ಬೆಳಕಿಗೆ ಹಿಡಿದ. ಕಪ್ಪಗೆ, ಜಿಡ್ಡು ಮೆತ್ತಿ,
ಒಂದು ಕೊನೆ ಸವೆದು ಚೂಪಾಗಿದೆ.
"ಇದು ನಮ್ಮದಲ್ಲ."

ಯಾವ ಊರಲ್ಲೋ, ಯಾವ ಮರದಡಿಯೋ,
ನನ್ನಂಥವನೊಬ್ಬ ಬೀಳಿಸಿದ್ದು.
ಹೇಳದೆ ಮುಚ್ಚಿ, ಬೋಲ್ಟು ಬಿಗಿದು, ಕಾಸು ಎಣಿಸಿಕೊಂಡು,
ಅವನೂ ಆ ರಾತ್ರಿ ನಿದ್ದೆ ಮಾಡಿದನೋ ಇಲ್ಲವೋ.
ಲಬೆಜ ಅದನ್ನು ಅಂಗೈಯಲ್ಲಿ ಉರುಳಿಸಿದ:
"ನಾಲ್ಕು ವರ್ಷ ಇದು ನನ್ನ ತೊಡೆಯ ಕೆಳಗೇ ಇತ್ತಾ?
ಹೆಂಡತಿ ಕೂತಿದ್ದಾಳಲ್ಲೋ ಈ ಬೈಕಿನ ಮೇಲೆ. ಮಗು ಕೂತಿದೆ."

ನಮ್ಮದು ಸಿಕ್ಕಿದ್ದು ಆಮೇಲೆ,
ಬಿಸಿಲು ಚಕ್ರದ ಸ್ಪೋಕುಗಳಿಂದ ಇಳಿದು ಮಣ್ಣಿಗೆ ಬಿದ್ದಾಗ.
ಹೊಳೆಯುತ್ತ, ಏನೂ ಆಗಿಲ್ಲವೆಂಬಂತೆ
ಸ್ಪೋಕಿನ ತುದಿಗೆ ಜೋತು ಬಂತು.
ಡೀಸೆಲ್ ಹೊಯ್ದು ತೊಳೆದು ಸೋಸಿದೆವು.
ಮರಳು, ಒಂದು ಇರುವೆ. ಬೇರೇನಿಲ್ಲ.

ಹಾಕಲು ಕೈ ಚಾಚಿದೆ.
ಒಚಿತ್ತಿ ಅದನ್ನು ಕಿತ್ತುಕೊಂಡು ಪೊದೆಗೆಸೆದ.
"ಚಿಮ್ಮಿ ಬಿದ್ದ ಕ್ಲಿಪ್ಪು ಮತ್ತೆ ಹಾಕಬಾರದು.
ಹೊಸದಿದೆ, ಡಬ್ಬಿಯಲ್ಲಿ."
"ಮತ್ತೆ ಎರಡು ಗಂಟೆ ಹುಡುಕಿದ್ದು?"
"ಒಳಗಿಲ್ಲ ಅಂತ ಗೊತ್ತಾಗಬೇಕಲ್ಲ."
ಅಂದವನು ಸೂಜಿಗಲ್ಲನ್ನು ಚಡ್ಡಿಗೆ ಉಜ್ಜಿ ಒರೆಸಿದ,
ಒರೆಸಿದ್ದನ್ನೇ ಒರೆಸಿದ.

ಮೂರನೇ ಕಿಕ್ಕಿಗೆ ಬೈಕು ಎದ್ದಿತು.
ಲಬೆಜ ಹಳೇ ಕ್ಲಿಪ್ಪನ್ನು ಅಂಗಿ ಜೇಬಿಗಿಳಿಸಿ
ಗುಂಡಿ ಹಾಕಿ, ಮೇಲಿಂದ ಒಮ್ಮೆ ತಟ್ಟಿ ನೋಡಿ ಹೋದ,
ದಾದಿ ಆಗಲೇ ನಡೆದು ಹೊರಟಿದ್ದಳೇನೋ.

ಚಿಂದಿ ಇನ್ನೂ ನನ್ನ ಹೆಗಲ ಮೇಲೇ ಇತ್ತು.
"ಒಗೆದು ಹರವು ಅದನ್ನ" ಅಂದ ಒಚಿತ್ತಿ,
"ನಾಳೆ ಬೆಳಿಗ್ಗೆ ಇನ್ನೊಂದು ಇಂಜಿನ್ ಬರುತ್ತೆ."