ಒಳಗೊಂದು ತೊಂಬತ್ತೆಂಟು

ಊಚ್ ಎಂದರೆ ನಮ್ಮ ಪೋಲಿಷ್ ಮಾತಿನಲ್ಲಿ ದೋಣಿ.
ನದಿಗಳಿದ್ದವಂತೆ, ಹದಿನೆಂಟೋ ಇಪ್ಪತ್ತೋ;
ಗಿರಣಿಗಳು ಕುಡಿದು ಮಿಕ್ಕದ್ದನ್ನು ಕೊಳವೆಯೊಳಗೆ ತುರುಕಿ
ಮೇಲೆ ಟ್ರಾಮು ಓಡಿಸಿದರು.
ನೀರಿಲ್ಲದ ದೋಣಿಯಲ್ಲಿ ಐವತ್ತೊಂಬತ್ತು ವರ್ಷ ಕೂತವಳಿಗೆ
ಇಲ್ಲದ ಯಂತ್ರವೊಂದನ್ನು ನಂಬುವುದು ಏನು ಮಹಾ.

ನವೆಂಬರಿನಲ್ಲಿ ಹಳೆಯ ಕಂಪ್ಯೂಟರು ಸತ್ತಿತು.
ಸುಟ್ಟ ವಾಸನೆ, ಅಷ್ಟೇ.
ಕಸೂತಿ ಯಂತ್ರ ಗಟ್ಟಿ ಜೀವ, ಆರು ಸೂಜಿಯ ಎಮ್ಮೆ,
ಅದಕ್ಕೆ ತಿಳಿಯುವುದು ಒಂದೇ ಪ್ರೋಗ್ರಾಮಿನ ಭಾಷೆ,
ಆ ಪ್ರೋಗ್ರಾಮು ಉಸಿರಾಡುವುದು ವಿಂಡೋಸ್ ತೊಂಬತ್ತೆಂಟರಲ್ಲೇ.
ಸಂತ ಫ್ಲೋರಿಯಾನನ ಹಬ್ಬ ಮೇ ನಾಲ್ಕಕ್ಕೆ.
ಅಗ್ನಿಶಾಮಕ ದಳದವರು ಬಾವುಟಕ್ಕೆ ಮುಂಗಡ ಕೊಟ್ಟು ಹೋಗಿದ್ದಾರೆ:
ಸಂತ, ಅವನ ಕೈಯಲ್ಲಿ ಬಕೆಟ್ಟು, ಕೆಳಗೆ ಉರಿಯುವ ಮನೆ.

ಹೊಸ ಯಂತ್ರ ಕೊಳ್ಳಿ ಎಂದ ಅಂಗಡಿಯವನು
ಬೆಲೆ ಹೇಳುವಾಗ ನನ್ನ ಕಣ್ಣು ನೋಡಲಿಲ್ಲ.
ಮೂರನೇ ಮಹಡಿಯ ಶ್ಚೆಪಾನ್, ಟ್ರಾಮಿನ ತಂತಿ ನೋಡಿಕೊಂಡಿದ್ದವನು,
ಉಪ್ಪುನೀರಿನ ಸೌತೆಕಾಯಿ ಜಾಡಿ ಹಿಡಿದು ಬಂದು ಹೇಳಿದ:
"ಲೂತ್ಸೀನಾ, ಕಂಪ್ಯೂಟರಿನೊಳಗೆ ಕಂಪ್ಯೂಟರು ಕೂರಿಸಬಹುದು.
ಬಿಟ್ಟಿ. ಒಂದಲ್ಲ, ನಾಲ್ಕು ಥರ."

ಬಿಟ್ಟಿ ಎಂದರೆ ನನಗೆ ಅನುಮಾನ.
ಗಿರಣಿ ಮುಚ್ಚಿದ ವರ್ಷ ಬಿಟ್ಟಿ ಹಂಚಿದ ಕೋಟುಗಳಿಗೆ
ಗುಂಡಿಯೇ ಇರಲಿಲ್ಲ.

ಮೊದಲನೆಯದು ನನ್ನ ವಿಂಡೋಸಿನಲ್ಲೇ ಅಡಗಿದೆಯೆಂದ; ಹುಡುಕಿದರೆ
'ಹೋಮ್' ಎಂದು ಹೆಸರಿಟ್ಟ ಮನೆಗೆ ಆ ಬಾಗಿಲೇ ಇಲ್ಲ.
ಎರಡನೆಯದು ಇಳಿಸಿಕೊಳ್ಳುವ ಮೊದಲೇ
ಹೆಸರು, ವಿಳಾಸ, ಕಂಪನಿ, ಹುದ್ದೆ ಕೇಳಿತು.
ಹುದ್ದೆ: ದರ್ಜಿ. ಪಟ್ಟಿಯಲ್ಲಿ ಇಲ್ಲವಂತೆ.
ವರ್ಚುವಲ್‌ಬಾಕ್ಸ್ ಸಭ್ಯ, ಏನೂ ಕೇಳದೆ ಒಳಗೆ ಕರೆದು ಕೂರಿಸಿತು,
ಆದರೆ ತೋರಿಸಿದ್ದು ಹದಿನಾರೇ ಬಣ್ಣ. ಹದಿನಾರು!
ಉರಿಯುವ ಮನೆಗೇ ನನಗೆ ಏಳು ಕೆಂಪು ಬೇಕು.
ಬೇರೆ ದಾರಿ ಇದ್ದೀತು, ನನಗೆ ಸಿಗಲಿಲ್ಲ.

ಉಳಿದದ್ದು ಕ್ಯೂಎಮು.
ಒತ್ತಲು ಗುಂಡಿಯಿಲ್ಲ, ಕಪ್ಪು ಪರದೆಯಲ್ಲಿ ಒಂದು ಮೊಳ ಆಜ್ಞೆ.
ಶ್ಚೆಪಾನ್ ಹೇಳುತ್ತಾ ಹೋದ, ನಮೂನೆ ಕಾಗದದ ಬೆನ್ನಿಗೆ ಬರೆದುಕೊಂಡೆ:
ಮೆಮೊರಿ ಇಷ್ಟು, ಡಿಸ್ಕು ಇಲ್ಲಿ, ಸೀರಿಯಲ್ ಕೇಬಲ್ಲು ಅಲ್ಲಿ.
ಒಂದು ಅಡ್ಡಗೀಟು ತಪ್ಪಿದರೂ ಮುನಿಸು.
ಹೆಣಿಗೆಯ ಲೆಕ್ಕವೂ ಹೀಗೇ ಅಲ್ಲವೆ,
ಎರಡು ಸೀದಾ, ಒಂದು ಉಲ್ಟಾ, ಮತ್ತೆ ಎರಡು.

ರಾತ್ರಿ ಹನ್ನೊಂದೂಕಾಲಕ್ಕೆ ಮೋಡ ಕಂಡಿತು.
ನೀಲಿ ಆಕಾಶ, ಬಿಳಿ ಮೋಡ,
ಮೂವತ್ತೆರಡರ ನನ್ನ ಬೆಳಗುಗಳು ತೆರೆದುಕೊಳ್ಳುತ್ತಿದ್ದ ಅದೇ ಪರದೆ.
ಹೊರಗೆ ಬಾವೂತಿಯ ಹಿಮಕ್ಕೆ ಕಲ್ಲಿದ್ದಲ ಹೊಗೆ ಮೆತ್ತಿತ್ತು.

"ಈಗಲೇ ಒಂದು ಸ್ನ್ಯಾಪ್‌ಶಾಟ್ ಇಟ್ಟುಕೊ," ಎಂದ,
"ಏನು ಕೆಡಿಸಿದರೂ ಈ ಗಳಿಗೆಗೆ ಮರಳಬಹುದು."
ಪರೀಕ್ಷೆಗೆಂದೇ ಕೆಡಿಸಿದೆ. ಸಂತನ ಫೈಲು ಅಳಿಸಿದೆ,
ತಾರೀಕು ತಿರುಚಿದೆ, ಇಡೀ ಡಿಸ್ಕನ್ನೇ ಗುಡಿಸಿಹಾಕಿದೆ.
ಮರಳಿದೆ. ಎಲ್ಲ ಇದ್ದ ಹಾಗೇ, ತೂತಿನ ಗುರುತೂ ಇಲ್ಲ.
ನಲವತ್ತು ವರ್ಷ ಹೊಲಿಗೆ ಬಿಚ್ಚಿದವಳು ನಾನು;
ರೇಷ್ಮೆಯಿಂದ ದಾರ ಎಳೆದರೆ ಸೂಜಿ ಹೊಕ್ಕ ಜಾಗ
ಇಸ್ತ್ರಿಗೂ ಹಬೆಗೂ ಜಗ್ಗದೆ ನೋಡುತ್ತಲೇ ಇರುತ್ತದೆ.
ಈ ಮರೆವು ಕಂಡು ಸ್ವಲ್ಪ ಹೆದರಿದೆ, ಸುಳ್ಳೇಕೆ ಹೇಳಲಿ.
ಆಮೇಲೆ ಇನ್ನೂ ಎರಡು ಸಲ ಕೆಡಿಸಿ ನೋಡಿದೆ.

ಕೇಬಲ್ಲು ಸಿಕ್ಕಿಸಿ, ಹರಕು ದುಪ್ಪಟಿಯನ್ನು ಚೌಕಟ್ಟಿಗೆ ಬಿಗಿದೆ.
ಒಳಗಿನದು ಹೊರಗಿನದಕ್ಕೆ ಹೇಳಿ,
ಹೊರಗಿನದು ಎಮ್ಮೆಗೆ ಹೇಳಿ,
ಎಮ್ಮೆ ಒಮ್ಮೆ ಮುಸುಗುಟ್ಟಿ
ಟಕ್ ಟಕ್ ಟಕ್ ಟಕ್
ಕೆಳಮನೆಯವರು ಪೊರಕೆಯ ಕೋಲಿನಿಂದ ಚಾವಣಿ ಕುಟ್ಟುವವರೆಗೂ.

ಬಕೆಟ್ಟಿನಿಂದ ಸುರಿದ ನೀಲಿ
ಬೆಂಕಿಯಿಂದ ಒಂದು ಬೆರಳು ಆಚೆಗೆ ಬಿದ್ದಿತ್ತು.
"ಬಟ್ಟೆಗೂ ಒಂದು ಸ್ನ್ಯಾಪ್‌ಶಾಟ್ ಇದ್ದಿದ್ದರೆ," ಎಂದ ಶ್ಚೆಪಾನ್
ಸೌತೆಕಾಯಿ ಕಡಿಯುತ್ತಾ.
ನಾನು ಕತ್ತರಿ ತೆಗೆಯಲಿಲ್ಲ.
ದಿಕ್ಕು ತಪ್ಪಿದ ಆ ನೀರಿನ ಮೇಲೆ ಬೆರಳಾಡಿಸುತ್ತಿದ್ದೆ:
ಈ ಊರಿನಲ್ಲಿ
ನೀರು ಕಣ್ಣಿಗೆ ಬೀಳುವುದೇ ಅಪರೂಪ.