ಬಾಣಲೆಯ ಬಿಸಿ

ಶಿಡ್ಲಘಟ್ಟದ ನಮ್ಮ ಓಣಿಯಲ್ಲಿ ಬೆಳಗಿನ ನಾಲ್ಕಕ್ಕೇ
ಬೆಂದ ಹುಳುವಿನ ವಾಸನೆ ಏಳುತ್ತದೆ, ಆಮೇಲೆ ಮಂದಿ.
ಅಮ್ಮಿ ಬಾಣಲೆಗೆ ಗೂಡು ಸುರಿದು
ನೀರಿಗೆ ಬೆರಳದ್ದಿ ನೋಡುತ್ತಾಳೆ. ಥರ್ಮಾಮೀಟರು
ಮೊಳೆಗೆ ನೇತುಬಿದ್ದಿದೆ, ಒಡೆದದ್ದು, ಯಾರಿಗೂ ಬೇಕಿಲ್ಲ.

"ನಿಮ್ಮ ಪಾಠದಲ್ಲಿ ಅದೇನು ಸುಡ್ತಾರೆ, ಶಾಹಿದಾ?"

ಸೀಸ, ಅಮ್ಮಿ. ಸೀಸದ ಪರಮಾಣುವಿನ ತಿರುಳುಗಳನ್ನು
ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ,
ನೆಲದಡಿ, ಬಳೆಯಂಥ ಸುರಂಗದಲ್ಲಿ.
ಸೂರ್ಯನ ಹೊಟ್ಟೆಗಿಂತ ಲಕ್ಷ ಪಟ್ಟು ಕಾವು.
ಆ ಕಾವಿಗೆ ಪ್ರೋಟಾನಿನ ಗೂಡು ಕರಗಿ
ಒಳಗೆ ಅಂಟಿಕೊಂಡಿದ್ದ ಕ್ವಾರ್ಕುಗಳು ಸಡಿಲ.
ಅಂಟಿಗೂ ಒಂದು ಹೆಸರಿದೆ, ಗ್ಲುವಾನ್.
ಲೋಕ ಹುಟ್ಟಿದ ಮೊದಲ ಗಳಿಗೆ
ಎಲ್ಲವೂ ಇಂಥದೇ ಗಂಜಿಯಾಗಿತ್ತಂತೆ.

"ಗಂಜಿಯಲ್ಲಿ ಎಳೆ ಹಿಡಿಯೋರು ಯಾರು?"

ಯಾರೂ ಇಲ್ಲ. ರೆಪ್ಪೆ ಬಡಿಯುವ ಮಾತು ದೂರ,
ಬೆಳಕು ಒಂದು ಕೂದಲೆಳೆ ದಾಟುವ ಮೊದಲೇ ಆರಿ
ಮತ್ತೆ ಅಂಟಿಕೊಳ್ಳುತ್ತವೆ, ಎರಡೆರಡು, ಮೂರುಮೂರು.
ಚೆಲ್ಲಾಪಿಲ್ಲಿ ಹಾರಿದ ಚೂರುಗಳಷ್ಟೇ ನಮ್ಮ ಪಾಲಿಗೆ.
ಅವನ್ನು ಎಣಿಸಿ, ತೂಗಿ,
ಆರಿಹೋದ ಬಾಣಲೆ ಎಷ್ಟು ಕಾದಿತ್ತೆಂದು
ಊಹಿಸಬೇಕು.

ಅಮ್ಮಿ ನಗಲಿಲ್ಲ. ಪಕ್ಕದ ಮನೆ ಮುಬಾರಕನ
ನಿನ್ನೆಯ ಲಡಿಯೊಂದನ್ನು ಎತ್ತಿ
ಹೆಬ್ಬೆರಳಲ್ಲಿ ಸವರಿ ದೀಪಕ್ಕೆ ಹಿಡಿದಳು.
"ನೀರು ಕಮ್ಮಿ ಕಾದಿತ್ತು. ಅಂಟು ಬಿಟ್ಟಿಲ್ಲ.
ಇಲ್ಲಿ ನೋಡು, ಗಂಟು. ಇಲ್ಲಿ ಅವನಿಗೆ ನಿದ್ದೆ ಬಂದಿದೆ."

ನೋಟ್‌ಬುಕ್ಕಿನಲ್ಲಿ ನನ್ನದೊಂದು ಲೆಕ್ಕ
ಮೂರು ದಿನದಿಂದ ಸಿಕ್ಕುಬಿದ್ದಿತ್ತು.
ತೆರೆಯಲಿಲ್ಲ. ಚರಕದ ಹಿಡಿ ಹಿಡಿದೆ.
ಬಿಸಿನೀರಿಂದ ಒಂದು ಎಳೆ ಮೇಲೆದ್ದು
ಕಾಣದಷ್ಟು ತೆಳ್ಳಗೆ
ಬೆರಳನ್ನು ಕೊಯ್ದಿತು.