ಲೀನ

ಪಗಾರದ ದಿನ ಮೊಬೈಲು ಎರಡು ಸಲ ನಡುಗ್ತು.
ಮೊದಲನೇದು: ಹನ್ನೊಂದು ಸಾವಿರದ ಎಂಟುನೂರ ನಲವತ್ತು ಜಮಾ.
ಎರಡನೇದು ಉದ್ದಂದು, ಇಂಗ್ಲಿಷಿನಾಗ.
ಟಾವೆಲ್ ಮಡಚೋ ಕೈ ಹಂಗೇ ನಿಂತವು.

ಅಕ್ಕಲಕೋಟ ರೋಡಿನ ಕಾರಖಾನಿಯೊಳಗ ನಂದು ಪ್ಯಾಕಿಂಗು.
ಯಾವುದೋ ದೇಶದ ಹೋಟೆಲಿನಾಗ
ಯಾರೋ ಮೈ ಒರಸ್ಕೊಳ್ಳೋ ಬಿಳೀ ಟಾವೆಲ್ಲು:
ಮೂರು ಮಡಿಕಿ, ಅಂಚು ಒಳಗ, ಚೀಟಿ ಹೊರಗ.
ಒಂದು ನೂಲು ಎದ್ದಿದ್ರೂ ಮಾಲು ವಾಪಸ್.

ಎಟಿಎಮ್ಮಿನಾಗ ನೋಡಿದೆ, ಶಿಲ್ಕು ಎರಡಿದ್ದವು.
ಒಂದು, ಖಾತೆಯೊಳಗ ಇರೋದು.
ಇನ್ನೊಂದು, ನನಗ ಸಿಗೋದು.
ಇರೋದು ಹನ್ನೆರಡು ಸಾವಿರದ ಚಿಲ್ಲರ,
ಸಿಗೋದು ಸೊನ್ನಿ, ಚುಕ್ಕಿ, ಸೊನ್ನಿ ಸೊನ್ನಿ.
ಮಿಠಾಯಿ ಅಂಗಡಿ ಗಾಜಿಗೆ ಮೂಗು ಹಚ್ಚಿದ ಹುಡುಗರಂಗ
ನನ್ನ ರೊಕ್ಕ ನಾನೇ ನೋಡ್ಕೋತ ನಿಂತೆ.
ಹಿಂದಿನವ, "ಝಾಲಾ ಕಾ?" ಅಂದ.

ಬ್ಯಾಂಕಿನ ಹುಡುಗನಿಗೆ ಮೀಸಿ ಇನ್ನೂ ಪೂರಾ ಮೂಡಿಲ್ಲ.
ಪರದೆ ನನ್ನ ಕಡೆ ತಿರುಗಿಸಲಿಲ್ಲ.
"ಮೌಶಿ, ಖಾತೆ ಮ್ಯಾಲೆ ಲೀನ್ ಆಗೇದ" ಅಂದ ಮರಾಠಿಯೊಳಗ.
ನನ್ನ ಮಾರಿ ನೋಡಿ ದನಿ ಇಳಿಸಿ,
"ಬೋಜಾ. ಹೊಲದ ಸಾತ್‌ಬಾರಾದ ಮ್ಯಾಲೆ ಏರಸ್ತಾರಲ್ಲ, ಹಂಗ.
ಕಾರ್ಡಿಂದು."

ಕಾರ್ಡು.
ನವೀ ಪೇಟಿಯೊಳಗ ಛತ್ರಿ ಕೆಳಗ ಕುಂತವ ಕೊಟ್ಟಿದ್ದ,
ಸಂಗಡ ಗಾಲಿ ಇದ್ದ ಸೂಟಕೇಸು, ಪುಗಸಟ್ಟೆ.
ಎಲ್ಲಿಗೂ ಹೋಗದ ಸೂಟಕೇಸು, ಮಂಚದ ಕೆಳಗ,
ಅದರಾಗ ಈಗ ಥಂಡಿ ದಿನದ ಚಾದರ.
ಮೊದಲ ಒಂದು ಮಿಕ್ಸರ್ ತಗೊಂಡೆ.
ಆಮ್ಯಾಲೆ ನಾದಿನಿ ಹೆರಿಗಿ, ರಾತ್ರಿ ಎರಡಕ್ಕ;
ಕೌಂಟರಿನಾಕಿ "ಕಾರ್ಡ್ ನಡೀತದ" ಅಂದಾಗ
ದೇವರು ಲಿಪ್‌ಸ್ಟಿಕ್ ಹಚ್ಕೊಂಡು ಕುಂತಂಗ ಕಂಡ್ತು.
ಆ ಕೂಸು ಈಗ ಸಾಲಿಗೆ ಹೋಗ್ತದ.
"ಕನಿಷ್ಠ ಇಷ್ಟು ಕಟ್ಟಿದ್ರ ಸಾಕು" ಅಂತ ತಿಂಗಳಾ ಬರೀತಿದ್ರು.
ಕನಿಷ್ಠ ಕಟ್ಟಿದೆ. ಒಂದಿಷ್ಟು ತಿಂಗಳು ಅದನ್ನೂ ಕಟ್ಟಲಿಲ್ಲ.
ಖರ್ಚು ಮಾಡಿದ್ದು ಇಪ್ಪತ್ತೆರಡು ಸಾವಿರ,
ಈಗ ಅದರ ವಯಸ್ಸು ಅರವತ್ತೆಂಟು ಸಾವಿರದ ಮುನ್ನೂರ ಹನ್ನೆರಡು.

ಪುಣೆಯಿಂದ ಫೋನು:
"ಜಗದೇವಿ ಬಿರಾಜದಾರ ಬೋಲ್ ರಹೀ ಹೈಂ?"
ಲಗ್ನಪತ್ರಿಕಿ ಬಿಟ್ರ ನನ್ನ ಹೆಸರು ಪೂರಾ ಹಿಡಿದವರು
ಅವರೊಬ್ಬರೇ.

ಮನಿಗೆ ಬಂದು ಹೇಳಿದೆ, "ಯವ್ವ, ಲೀನ್ ಆಗೇದಂತ."
ಅವ್ವ ತಟ್ಟೋ ರೊಟ್ಟಿ ಬಿಟ್ಟು
"ಯಾರು?" ಅಂದಳು. "ಯಾವಾಗ?"
ಮಠದ ಅಜ್ಜನವರು ಹ್ವಾದಾಗ ಹಂಗೇ ಅಂದಿದ್ರು,
ಲಿಂಗದೊಳಗ ಲೀನ ಆದ್ರು ಅಂತ.
ಅತ್ತಿದ್ವಿ, ಆಮ್ಯಾಲೆ ಸಾಲಾಗಿ ಕುಂತು ಹುಗ್ಗಿ ಉಂಡಿದ್ವಿ.
ನಾ ನಕ್ಕೆ. ತಿಳಿಸಿ ಹೇಳಿದೆ.
ಅವ್ವ ನಗಲಿಲ್ಲ. "ಅದಾ ಆತಲ್ಲ" ಅಂದಳು,
"ಲೀನ ಆದದ್ದು ತಿರುಗಿ ಬರ್ತದೇನು?"
ಹೆಂಚಿನ ಮ್ಯಾಲಿನ ರೊಟ್ಟಿ ಕರ್ರಗಾಗಿತ್ತು.

ಅನಸೂಯಾ ಎಮುಲ, ಮಗ್ಗಲ ಟೇಬಲಿನಾಕಿ,
ಬ್ಯಾಂಕಿಗೆ ತೆಲುಗಿನೊಳಗ ಬೈದಳು,
ಮ್ಯಾನೇಜರಗ ಮರಾಠಿಯೊಳಗ ಅರ್ಜಿ ಬರದುಕೊಟ್ಟಳು:
ಇನ್ನ ಮ್ಯಾಲೆ ಪಗಾರ ಕೈಯಾಗ ಕೊಡ್ರಿ.
ಅಂವ ಓದಿ ಮಡಚಿದ.
ಮೂರು ಮಡಿಕಿ, ಅಂಚು ಒಳಗ.

ರಾತ್ರಿ ಪ್ರಾಜಕ್ತಾ ತನ್ನ ಮೊಬೈಲಿಂದ
ನನ್ನ ಖಾತೆಗೆ ಒಂದು ರೂಪಾಯಿ ಹಾಕಿದಳು,
ಜೀವ ಅದನೋ ಇಲ್ಲೋ ನೋಡಾಕ.
ಟಣ್ ಅಂತು. ಜಮಾ.
"ಅದ ಯವ್ವ, ಅದ!" ಅಂತ ಕುಣದಳು.
"ಈಗ ವಾಪಸ್ ಕಳಸು."
ಕಳಿಸಿದೆ. ಚಕ್ರ ತಿರುಗಿತು, ತಿರುಗಿತು, ಕೆಂಪಾತು.
ಗುಡಿ ಹುಂಡಿಗೆ ಕೈ ತೂರಿಸಿದಂಗ.

"ನನ್ನ ರೂಪಾಯಿ?"
ಟಿಫಿನ್ ಚೀಲದ ಸಣ್ಣ ಜೇಬು ತಡಕಾಡಿ
ಬಸ್ಸಿನ ಚಿಲ್ಲರಿಯೊಳಗಿಂದ ಒಂದು ಬಿಲ್ಲಿ ತಗದು
ಆಕಿ ಅಂಗೈಯಾಗ ಇಟ್ಟೆ.
ಹೊಳ್ಳಿಸಿ ಮಳ್ಳಿಸಿ ನೋಡಿದಳು.
"ಬಡ್ಡಿ?" ಅಂದಳು.